ಮುಗಿಯುವ ಮೊದಲೇ ನಕ್ಕವರು

ಬಸ್ ಡಿಪೋದ ಹಿಂಭಾಗದಲ್ಲಿ, ಡೀಸೆಲ್ ಬಂಕಿಗೂ ಕಾಂಪೌಂಡ್ ಗೋಡೆಗೂ ನಡುವೆ, ಒಂದು ತಗಡಿನ ಶೆಡ್ಡಿದೆ. ಗುಜರಿಗೆ ಹೋದ ಬಸ್ಸೊಂದರಿಂದ ಕಿತ್ತು ತಂದ ಸೀಟುಗಳನ್ನು ಅದರೊಳಗೆ ಎದುರುಬದುರಾಗಿ ಹಾಕಿದ್ದಾರೆ. ರೆಕ್ಸಿನ್ ಹರಿದು ಸ್ಪಂಜು ಹೊರಗೆ ಇಣುಕುತ್ತದೆ, ಆದರೆ ಕೂತವರು ಯಾರೂ ಈವರೆಗೆ ದೂರು ಹೇಳಿದ್ದಿಲ್ಲ. ಸೀಟಿನ ದೂರು ಕೇಳಿ ಕೇಳಿಯೇ ಸರ್ವಿಸು ಮುಗಿಸಿದ ಜನ ಅವರು. ನಿವೃತ್ತ ಡ್ರೈವರುಗಳು, ಗ್ಯಾರೇಜಿನ ಮೇಸ್ತ್ರಿ, ಟೈಂಕೀಪರು, ಎಲ್ಲ ಬಿಸಿಲು ಇಳಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗ ಹಿಡಿಯುತ್ತಾರೆ. ಮನೆಯಲ್ಲಿ ಇವರ ಮಾತು ಕೇಳುವವರಿಲ್ಲ, ಅದಕ್ಕೇ ಅಲ್ಲಿಗೆ ಓಡುತ್ತಾರೆ ಎಂದು ಇವರ ಹೆಂಡತಿಯರು ಹೇಳುತ್ತಾರೆ. ಅದು ಸುಳ್ಳೂ ಅಲ್ಲ.

ಆ ಶೆಡ್ಡಿಗೆ ಒಂದೇ ಕಾನೂನು. ಯಾರಾದರೂ ಜೋಕು ಹೇಳಿ, ಅದಕ್ಕೆ ಯಾರೂ ನಗದಿದ್ದರೆ, ಹೇಳಿದವನು ಸೀಟು ಬಿಟ್ಟು ಏಳಬೇಕು. "ನಿನ್ನ ಸ್ಟಾಪ್ ಬಂತು, ಇಳಿಯೋ" ಎಂದು ಒಬ್ಬ ಕೂಗುತ್ತಾನೆ, ಅವನು ಎದ್ದು ನಡುವಿನ ಕಬ್ಬಿಣದ ಕಂಬ ಹಿಡಿದು ನಿಲ್ಲುತ್ತಾನೆ. ಅದಕ್ಕಿಂತ ಕೆಟ್ಟ ಜೋಕನ್ನು ಇನ್ನೊಬ್ಬ ಹೇಳುವ ತನಕ ಅವನಿಗೆ ಸೀಟಿಲ್ಲ. ವಯಸ್ಸು, ಸರ್ವಿಸು, ಮಂಡಿನೋವು, ಯಾವುದಕ್ಕೂ ರಿಯಾಯಿತಿಯಿಲ್ಲ.

ಈ ಕಾನೂನು ತಂದವನು ನಮ್ಮ ಕಂಡಕ್ಟರ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಇವನು ಬಾಯಿಂದಲೇ ಬದುಕಿದವನು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಮಾತಿನಲ್ಲೇ ದಾರಿ ಬಿಡಿಸಿಕೊಂಡು ಹಿಂದಿನಿಂದ ಮುಂದಕ್ಕೆ ಬರುತ್ತಿದ್ದ. ಸೀಟಿಗಾಗಿ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋದವರು ಇಳಿಯುವಾಗ ಒಬ್ಬರ ಬ್ಯಾಗು ಒಬ್ಬರು ಎತ್ತಿಕೊಡುತ್ತಿದ್ದರು. ನಗದವನೆಂದರೆ ಆ ಬಸ್ಸಿನ ಡ್ರೈವರು ಒಬ್ಬನೇ. ಅವನ ಮುಖ ಇಂಜಿನ್ನಿನ ಬಾನೆಟ್ಟಿನ ಹಾಗೆ, ಸುಮ್ಮಸುಮ್ಮನೆ ತೆರೆದುಕೊಳ್ಳುವಂಥದ್ದಲ್ಲ. ಸರ್ವಿಸಿನುದ್ದಕ್ಕೂ ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿದರು, ಒಂದು ಸಲವೂ ಡ್ರೈವರು ಕಂಡಕ್ಟರನ ಜೋಕಿಗೆ ಹಲ್ಲು ತೋರಿಸಲಿಲ್ಲ. ಶೆಡ್ಡಿನಲ್ಲಿ ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೂ ಅವನು ಮಾತ್ರ "ಹೂಂ, ಆಮೇಲೆ?" ಎನ್ನುತ್ತಿದ್ದ. ಅವನನ್ನು ನಗಿಸಬೇಕು ಎಂಬ ಹಟವೇ ಕಂಡಕ್ಟರನನ್ನು ಇಷ್ಟು ಒಳ್ಳೆಯ ಜೋಕುಗಾರನನ್ನಾಗಿ ಮಾಡಿತ್ತು ಎಂದರೂ ನಡೆದೀತು.

ನಿವೃತ್ತಿಯಾದ ಮರುವರ್ಷ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತ ಕಂಡಕ್ಟರನ ಕೈಯಿಂದ ಬ್ರಷ್ಷು ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದ, ಅವನೂ ಬಿದ್ದ. ಲಕ್ವ. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ತಲೆಯೊಳಗೆ ಎಲ್ಲ ನೆಟ್ಟಗೇ ಇತ್ತು. ಯಾರು ಬಂದರು, ಯಾರು ಬರಲಿಲ್ಲ, ಬಂದವರು ಹಣ್ಣು ತಂದರೋ ಬರಿಗೈಲಿ ಬಂದರೋ ಎಲ್ಲ ತಿಳಿಯುತ್ತಿತ್ತು. ಹೇಳಲು ಹೋದರೆ ಬಾಯಿಂದ ಬರುತ್ತಿದ್ದದ್ದು ಒಂದೇ ಶಬ್ದ: "ರೈಟ್." ಜೀವಮಾನವಿಡೀ ಕೂಗಿದ ಶಬ್ದ, ಅದೊಂದು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ನೋವಿದೆಯಾ ಎಂದು ಡಾಕ್ಟರು ಕೇಳಿದರೂ ರೈಟ್, ನೀರು ಬೇಕಾದರೂ ರೈಟ್, ನೀರು ಸಾಕಾದರೂ ರೈಟ್. ನರ್ಸುಗಳು ಅವನನ್ನು ಒಳ್ಳೇ ಪೇಷಂಟು ಎಂದು ಹೊಗಳುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎಂದವರಿಗೆ ಖಂಡಿತ ಮಾತು ಹೋಗಿರಲಿಲ್ಲ.

ಮನೆಗೆ ಬಂದ ಮೇಲೆ ಅವನ ಮಾತನ್ನೆಲ್ಲ ಹೆಂಡತಿ ವಹಿಸಿಕೊಂಡಳು. ಅವಳದು ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ. ಒಂದು ಉದ್ದನೆಯ ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಕಿಟಕಿಯ ಬದಿಗೆ ಗಂಟು ಕಟ್ಟಿಟ್ಟ ಬೀದಿಯವರ ಬಟ್ಟೆ. ಕಂಡಕ್ಟರ ಮೇಜಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅವನ ಬಾಯಿ ತೆರೆಯುವುದೇ ತಡ, ಅವಳು ಇಸ್ತ್ರಿಪೆಟ್ಟಿಗೆ ಒತ್ತುತ್ತಲೇ ಹೇಳಿಬಿಡುತ್ತಿದ್ದಳು: "ಕಾಫಿ ತಾನೆ? ತಂದೆ ತಾಳಿ." "ಫ್ಯಾನ್ ಹಾಕಬೇಕಾ?" ಬಹಳ ಸಲ ಸರಿಯಾಗಿಯೇ ಹೇಳುತ್ತಿದ್ದಳು. ತಪ್ಪಾದಾಗ ಅವನು ಸುಮ್ಮನಾಗುತ್ತಿದ್ದ. ಬೇಡದ ಕಾಫಿಯನ್ನೂ ಕುಡಿಯುತ್ತಿದ್ದ. ನಿಧಾನವಾಗಿ ಒಂದೊಂದೇ ಮಾತು ವಾಪಸು ಬರತೊಡಗಿದಾಗಲೂ ಅವಳ ಅಭ್ಯಾಸ ಹಾಗೆಯೇ ಉಳಿಯಿತು.

ಕೋಲು ಹಿಡಿದು ನಡೆಯಲು ಬಂದ ದಿನ ಡ್ರೈವರೇ ಬಂದು ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋದ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತರು. "ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ," ಎಂದ ಮೇಸ್ತ್ರಿ. ಅದೇ ಮೇಸ್ತ್ರಿ ಹಿಂದೆ ಇವನನ್ನು ಕರೆಯುತ್ತಿದ್ದ ರೀತಿಯನ್ನು ಇಲ್ಲಿ ಬರೆಯುವಂತಿಲ್ಲ. ಒಬ್ಬ ಬೆನ್ನಿಗೆ ದಿಂಬು ಕೊಟ್ಟ, ಇನ್ನೊಬ್ಬ ಟೀ ಲೋಟವನ್ನು ಎಡಗೈಗೇ ಹಿಡಿಸಿದ. ಕಂಡಕ್ಟರನಿಗೆ ಎಷ್ಟು ಖುಷಿಯಾಗಿತ್ತೆಂದರೆ ಒಂದು ಜೋಕು ಹೇಳಿಯೇ ಬಿಡೋಣ ಎಂದು ಹೊರಟ. "ಒಬ್ಬ... ಒಬ್ಬ..." ಎಂದ. ಅಷ್ಟಕ್ಕೇ ಎಲ್ಲರೂ ಹೋ ಎಂದು ನಕ್ಕರು. ಯಾರು ಆ ಒಬ್ಬ, ಅವನು ಏನು ಮಾಡಿದ, ಯಾರಿಗೂ ಬೇಕಾಗಿರಲಿಲ್ಲ. ಕಂಡಕ್ಟರ ಡ್ರೈವರನ ಕಡೆ ನೋಡಿದ. ಡ್ರೈವರೂ ನಗುತ್ತಿದ್ದ. ಇಷ್ಟು ವರ್ಷ ಕಾದರೂ ಸಿಗದ ನಗು ಈಗ ಬಿಟ್ಟಿ ಸಿಕ್ಕಿತ್ತು, ಅದನ್ನು ನೋಡಿ ಕಂಡಕ್ಟರನ ಜೀವ ಹಿಂಡಿದಂತಾಯಿತು. ಮಾರನೆಯ ದಿನದಿಂದ ಅವನು ಅಲ್ಲಿಗೆ ಹೋಗಲಿಲ್ಲ.

ಹೋಗಲಿಲ್ಲ ಎಂದರೆ ಮನಸ್ಸು ಹೋಗಲಿಲ್ಲ ಎಂದಲ್ಲ. ಸಂಜೆಯಾದರೆ ಸಾಕು, ಕಿಟಕಿಯ ಹತ್ತಿರ ಕುರ್ಚಿ ಸರಿಸಿಕೊಳ್ಳುತ್ತಿದ್ದ. ಡಿಪೋಗೆ ಮರಳುವ ಬಸ್ಸುಗಳು ಬೀದಿಯ ತುದಿಯಲ್ಲಿ ಗೇರು ಬದಲಿಸುವುದು ಅಲ್ಲಿಂದ ಕೇಳುತ್ತಿತ್ತು. ಈಗ ಮೇಸ್ತ್ರಿ ಬಂದಿರುತ್ತಾನೆ, ಈಗ ಟೀ ಬಂದಿರುತ್ತದೆ, ಈಗ ಯಾರನ್ನೋ ಇಳಿಸುತ್ತಿರುತ್ತಾರೆ. ಅವನಿಗೆ ಬೇಕಾಗಿದ್ದದ್ದು ದಿಂಬಲ್ಲ, ಮರ್ಯಾದೆಯಲ್ಲ. ಒಂದು ಜೋಕು ಪೂರ್ತಿ ಹೇಳಬೇಕು, ಅದು ಕೆಟ್ಟದಾಗಿದ್ದರೆ ಅವನನ್ನೂ ಎಲ್ಲರ ಹಾಗೆ ಎಬ್ಬಿಸಿ ನಿಲ್ಲಿಸಬೇಕು. ಇಷ್ಟು ಸಣ್ಣ ಆಸೆ, ಆದರೆ ಯಾರಿಗಾದರೂ ಹೇಳಬೇಕೆಂದರೆ ಅದಕ್ಕೂ ಮಾತು ಬೇಕಿತ್ತು.

ಆ ಹೊತ್ತಿಗೆ ಅಂಗವಿಕಲರ ಕಲ್ಯಾಣ ಕಚೇರಿಯ ಸಾಹೇಬರೊಬ್ಬರು ಮನೆಗೆ ಬಂದರು. ಅಂಗವಿಕಲರಿಗೆ ಸರ್ಕಾರ ಕೊಡುವ ಅನುದಾನದಲ್ಲಿ ಒಂದು ಭಾಗ ಔಷಧಿಗಲ್ಲ, ಗಾಲಿಕುರ್ಚಿಗಲ್ಲ. ಊರವರ ನಡುವೆ ಬೆರೆಯಲು ಏನು ಕಲಿಯಬೇಕೋ ಅದನ್ನು ಕಲಿಸುವವರಿಗೆ. ಹೆಂಡತಿ ಇಸ್ತ್ರಿಯಾದ ಶರ್ಟುಗಳನ್ನು ಪಕ್ಕಕ್ಕೆ ಸರಿಸಿ ಅವರಿಗೆ ಜಾಗ ಮಾಡಿದಳು.

"ನಿಮಗೆ ಏನು ಕಲೀಬೇಕು ಅಂತ ಆಸೆ?" ಸಾಹೇಬರು ಕಂಡಕ್ಟರನನ್ನು ಕೇಳಿದರು.

"ಅಂಗಡಿಗೆ ಹೋಗಿ ಹಾಲು ತರೋದು ಸಾರ್," ಎಂದಳು ಹೆಂಡತಿ.

"ನಾನು ಅವರನ್ನ ಕೇಳಿದ್ದು."

"ಅವರೂ ಅದನ್ನೇ ಹೇಳ್ತಾರೆ."

ಕಂಡಕ್ಟರ ಇಲ್ಲವೆಂದು ತಲೆಯಾಡಿಸಿದ. "ಜೋ..." ಎಂದ.

"ಜೋಡು. ಹೊಸ ಜೋಡು ಬೇಕಂತೆ ಸಾರ್, ಹಳೇದು ಕಾಲಿಗೆ ಸರಿಯಾಗಿ ಕೂರಲ್ಲ."

ಅವನು ಎಡಗೈಯಿಂದ ಮೇಜು ಬಡಿದ. ಮುಖ ಕೆಂಪಾಯಿತು. "ಜೋ... ಜೋ... ಜೋಕು."

ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತು. ಹಾಲು ತರುವುದಕ್ಕೆ ಅವರ ಪುಸ್ತಕದಲ್ಲಿ ಒಂದು ಕಲಂ ಇತ್ತು, ಬಸ್ಸು ಹತ್ತುವುದಕ್ಕೆ ಇತ್ತು, ಬ್ಯಾಂಕಿಗೆ ಹೋಗುವುದಕ್ಕೂ ಇತ್ತು. ಜೋಕಿಗೆ ಇರಲಿಲ್ಲ. ಆದರೆ ಅವರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಗೆಳೆಯರ ಗುಂಪಿನಲ್ಲಿ ಮಾತಾಡಿ ನಗಿಸುವುದು ಎಂದು ಬರೆದುಕೊಂಡರು. ಗುರಿ ಮುಟ್ಟಿದ ದಿನ ಪಾಠ ನಿಲ್ಲುತ್ತದೆ, ಆ ಹಣ ಇನ್ನೊಬ್ಬರಿಗೆ ಹೋಗುತ್ತದೆ, ತಾವೇ ಬಂದು ಕಣ್ಣಾರೆ ನೋಡಿ ತೀರ್ಮಾನ ಮಾಡುವುದಾಗಿ ಹೇಳಿ ಹೋದರು.

ಹೀಗೆ ಮಾತಿನ ಟೀಚರು ಬಂದಳು. ಚಿಕ್ಕ ವಯಸ್ಸು, ದೊಡ್ಡ ಕೈಚೀಲ. ಅವಳಿಗೆ ಜೋಕು ಅರ್ಥವಾಗುತ್ತಿರಲಿಲ್ಲ. ಇದು ಅವಳನ್ನು ಆಡಿಕೊಂಡದ್ದಲ್ಲ, ಮೊದಲ ದಿನವೇ ಅವಳೇ ಒಪ್ಪಿಕೊಂಡ ಮಾತು. "ನಮ್ಮನೇಲಿ ಎಲ್ಲರೂ ನಕ್ಕ ಮೇಲೆ ನನಗೆ ಬಿಡಿಸಿ ಹೇಳ್ತಾರೆ," ಎಂದಳು. ಯಾವ ಜೋಕಿನಿಂದ ಶುರು ಮಾಡುವುದು ಎಂಬ ಪ್ರಶ್ನೆ ಬಂತು. ಹೆಂಡತಿಯೇ ಒಂದನ್ನು ಒಪ್ಪಿಸಿದಳು, ಟೀಚರು ಹಾಳೆಯಲ್ಲಿ ಬರೆದುಕೊಂಡಳು. ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿದ್ದ ಜೋಕು ಅದು.

ಪ್ಯಾಸೆಂಜರ್ ಕೇಳ್ದ, ಬಸ್ಸು ಎಷ್ಟೊತ್ತಿಗೆ ಹೊರಡುತ್ತೆ? ಡ್ರೈವರ್ ಟೀ ಕುಡಿದ ಮೇಲೆ. ಡ್ರೈವರ್ ಎಷ್ಟೊತ್ತಿಗೆ ಟೀ ಕುಡೀತಾನೆ? ಬಸ್ಸು ಹೊರಡೋ ಹೊತ್ತಿಗೆ.

"ಇದರಲ್ಲಿ ನಗೋದು ಎಲ್ಲಿ ಬರುತ್ತೆ?" ಟೀಚರು ಕೇಳಿದಳು. ಕಂಡಕ್ಟರ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಅವಳು ಅಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಹಾಕಿಕೊಂಡಳು.

ಅವಳ ಪಾಠದ ರೀತಿಯೇ ಬೇರೆ. "ತಲೇಲಿ ಮಾತು ಇರೋ ಮನೆಗೆ ಏಟು ಬಿದ್ದಿದೆ. ಹಾಡು ಇರೋ ಮನೆ ಚೆನ್ನಾಗೇ ಇದೆ. ಆ ಮನೆ ಬಾಗಿಲಿಂದ ಮಾತನ್ನ ಆಚೆ ಕರ್ಕೊಂಡು ಬರೋಣ," ಎಂದಳು. ಎಡಗೈಯಿಂದ ಮೇಜಿನ ಮೇಲೆ ತಾಳ ಹಾಕುತ್ತಾ, ಒಂದೊಂದು ಮಾತನ್ನೂ ಎಳೆದು ರಾಗದಲ್ಲಿ ಹೇಳಬೇಕು. ಬಸ್... ಸು... ಎಷ್... ಟೊತ್... ತಿಗೆ. ಬಟ್ಟೆ ಕೊಡಲು ಬಂದವರು ಬಾಗಿಲಲ್ಲೇ ನಿಂತು ಕಣ್ಣು ಬಿಡುತ್ತಿದ್ದರು. "ಹೊರಡೋ" ಎಂಬ ಶಬ್ದವಂತೂ ಗಂಟಲಿನಲ್ಲೇ ಬೇರು ಬಿಟ್ಟು ಕೂತಿತ್ತು. ಚಳಿ ಕಳೆದು ಸೆಕೆ ಬಂದರೂ ಅದು ಹೊರಡಲಿಲ್ಲ. ಅದಕ್ಕಾಗಿ ಅವನು ಬೆವರು ಸುರಿಸಿ ಒದ್ದಾಡುವಾಗ ಟೀಚರು ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂತು ಕಾಯುತ್ತಿದ್ದಳು. ಶಬ್ದವನ್ನು ಬಾಯಿಗೆ ತುರುಕುತ್ತಿರಲಿಲ್ಲ, ಅಯ್ಯೋ ಪಾಪ ಎಂಬ ಮುಖ ಮಾಡುತ್ತಿರಲಿಲ್ಲ. ಲೋಕದಲ್ಲಿ ತನ್ನ ಮಾತಿಗೆ ಕಾಯುವ ಒಂದೇ ಜೀವ ಇದು ಎಂದು ಅವನಿಗೆ ಅನ್ನಿಸುತ್ತಿತ್ತು. ಅವಳು ಬರುವ ದಿನ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು ಕಾಯುತ್ತಿದ್ದ.

ಕೊನೆಗೊಂದು ದಿನ ಜೋಕು ಪೂರ್ತಿಯಾಯಿತು. ಟೀಚರು ನಗಲಿಲ್ಲ. "ಎಲ್ಲಾ ಶಬ್ದ ಬಂತು," ಎಂದಳು. ಅದೇ ವಾರ ಇಬ್ಬರೂ ಶೆಡ್ಡಿಗೆ ಹೋದರು. ಮತ್ತೆ ದಿಂಬು, ಮತ್ತೆ ಬನ್ನಿ ಬನ್ನಿ. ಕಂಡಕ್ಟರ ಸೀಟಿನ ಕಂಬಿಯ ಮೇಲೆ ಎಡಗೈಯಿಂದ ತಾಳ ಹಾಕುತ್ತಾ ಶುರು ಮಾಡಿದ. ಬಸ್ಸು ಎಷ್ಟೊತ್ತಿಗೆ ಹೊರಡುತ್ತೆ ಎಂಬಲ್ಲಿಗೆ ಬರುವಷ್ಟರಲ್ಲಿ ಶೆಡ್ಡಿನ ತಗಡು ಹಾರಿಹೋಗುವ ಹಾಗೆ ನಗು. ಒಬ್ಬ ಚಪ್ಪಾಳೆ ತಟ್ಟಿದ, ಡ್ರೈವರು ಕಣ್ಣೊರೆಸಿಕೊಂಡ. ಉಳಿದ ಮೂರು ಮಾತು ಕಂಡಕ್ಟರನ ಬಾಯಿಯಲ್ಲೇ ಉಳಿದವು.

ಹಿಂದಿರುಗುವಾಗ ಟೀಚರು ಪೆಚ್ಚಾಗಿದ್ದಳು. "ಅವರು ಯಾಕೆ ಅಲ್ಲಿ ನಕ್ಕರು? ನಗೋ ಜಾಗ ಇನ್ನೂ ಬಂದಿರಲಿಲ್ಲವಲ್ಲ?" ಎಂದಳು. ಜೋಕು ಅರ್ಥವಾಗದ ಹುಡುಗಿಗೆ ಅರ್ಥವಾದದ್ದು, ಜೋಕಿನಲ್ಲೇ ಮುದುಕರಾದವರಿಗೆ ಆಗಿರಲಿಲ್ಲ. ಕಂಡಕ್ಟರ ಅಂದು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದು ಹೆಂಡತಿ ಅವನ ಪರವಾಗಿ ತಾನೇ ಹೇಳಿಕೊಂಡಳು.

ಸಾಹೇಬರು ನೋಡಲು ಬರುವ ದಿನ ಗೊತ್ತಾಯಿತು. ಸುದ್ದಿ ಡ್ರೈವರನ ಕಿವಿಗೂ ಬಿತ್ತು. ಬಿದ್ದದ್ದು ಅರ್ಧ. ಪರೀಕ್ಷೆಯಲ್ಲಿ ಪಾಸಾದರೆ ಹಣ ಮುಂದುವರಿಯುತ್ತದೆ ಎಂದು ತಿಳಿದುಕೊಂಡು ಅವನು ಶೆಡ್ಡಿನವರಿಗೆಲ್ಲ ಕಟ್ಟಪ್ಪಣೆ ಮಾಡಿಬಿಟ್ಟ: "ಜೋರಾಗಿ ನಗಬೇಕು. ಹಲ್ಲು ಸೆಟ್ ಬಿದ್ದರೂ ಪರವಾಗಿಲ್ಲ. ಅವನ ಪಾಠ ನಿಲ್ಲಬಾರದು." ಪ್ರೀತಿಯಿಂದಲೇ ಹೇಳಿದ. ಅವರು ನಕ್ಕರೆ ಪಾಠ ಅಂದೇ ನಿಲ್ಲುತ್ತದೆ, ಟೀಚರು ಹೋಗುತ್ತಾಳೆ, ಆ ಜೋಕು ಶೆಡ್ಡಿನಲ್ಲಿ ಎಂದೆಂದಿಗೂ ಅರ್ಧದಲ್ಲೇ ಉಳಿಯುತ್ತದೆ. ಇದು ಗೊತ್ತಿದ್ದವನು ಕಂಡಕ್ಟರ, ಅದನ್ನು ಬಿಡಿಸಿ ಹೇಳುವಷ್ಟು ಮಾತು ಇಲ್ಲದವನೂ ಅವನೇ.

ಆ ಸಂಜೆ ಸಾಹೇಬರನ್ನು ಹರಿಯದ ಸೀಟಿನಲ್ಲಿ ಕೂರಿಸಿದರು. ಟೀಚರು ಬಾಗಿಲ ಬಳಿ ನಿಂತಳು. ಕಂಡಕ್ಟರ ಕಂಬಿಯ ಮೇಲೆ ತಾಳ ಹಾಕಿದ.

"ಪ್ಯಾಸೆಂಜರ್... ಕೇಳ್ದ. ಬಸ್ಸು... ಎಷ್ಟೊತ್ತಿಗೆ... ಹೊ... ಹೊರಡುತ್ತೆ?"

ನಗು ಸ್ಫೋಟಿಸಿತು. ಮೇಸ್ತ್ರಿ ತೊಡೆ ತಟ್ಟಿಕೊಂಡ, ಟೈಂಕೀಪರನಿಗೆ ಕೆಮ್ಮು ಹತ್ತಿತು. ಸಾಹೇಬರೂ ಮುಗುಳ್ನಕ್ಕು ಪೆನ್ನಿನ ಮುಚ್ಚಳ ತೆಗೆದರು. ಕಂಡಕ್ಟರ ಕೋಲೆತ್ತಿ ನಡುವಿನ ಕಂಬಕ್ಕೆ ಬಡಿದ. ಠಣ್ ಎಂದಿತು. ಇನ್ನೊಮ್ಮೆ ಬಡಿದ.

"ನಗ... ಬೇಡಿ," ಎಂದ. ಎಲ್ಲರೂ ಗಪ್‌ಚಿಪ್. "ಇನ್ನೂ... ಮುಗಿದಿಲ್ಲ."

ಮೇಸ್ತ್ರಿಯ ಕೈ ತೊಡೆಯ ಮೇಲೆಯೇ ಉಳಿಯಿತು. ಹೊರಗೆ ಯಾವುದೋ ಬಸ್ಸು ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಕಂಡಕ್ಟರ ಮೊದಲಿನಿಂದ ಶುರು ಮಾಡಿದ. ಡ್ರೈವರ್ ಟೀ ಕುಡಿದ ಮೇಲೆ ಎಂಬಲ್ಲಿ ಒಮ್ಮೆ ಸಿಕ್ಕಿಕೊಂಡ. ಟೈಂಕೀಪರು ಹಳೇ ಚಾಳಿಯಂತೆ ವಾಚು ನೋಡಲು ಹೋಗಿ, ನಾಚಿಕೊಂಡು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಯಾರೂ ಮಿಸುಕಲಿಲ್ಲ. ಬೆವರು ಕಂಡಕ್ಟರನ ಕಿವಿಯ ಹಿಂದೆ ಇಳಿಯಿತು.

"ಬಸ್ಸು... ಹೊ... ಹೊ... ಹೊರಡೋ... ಹೊತ್ತಿಗೆ."

ಮುಗಿಯಿತು. ಮುಗಿದದ್ದು ಎಲ್ಲರಿಗೂ ತಿಳಿಯಿತು. ಒಬ್ಬರಿಗೂ ನಗು ಬರಲಿಲ್ಲ. ಎಲ್ಲರ ಕಣ್ಣೂ ಡ್ರೈವರನ ಮೇಲೆ ನೆಟ್ಟವು. ಅವನು ಕಂಡಕ್ಟರನನ್ನೇ ದಿಟ್ಟಿಸಿ ನೋಡುತ್ತಿದ್ದ, ಆ ಹಳೆಯ ಬಾನೆಟ್ಟಿನ ಮುಖದಲ್ಲಿ.

"ಇದನ್ನ ನಾನು ಸರ್ವಿಸು ಪೂರ್ತಿ ಕೇಳಿದ್ದೀನಿ," ಎಂದ. "ಆಗಲೂ ಚೆನ್ನಾಗಿರಲಿಲ್ಲ, ಈಗಲೂ ಚೆನ್ನಾಗಿಲ್ಲ. ಇಳಿಯೋ ಕೆಳಗೆ."

"ರೀ, ಅವರಿಗೆ ಕಾಲು ಸರಿಯಿಲ್ಲ," ಎಂದರು ಸಾಹೇಬರು ಗಾಬರಿಯಾಗಿ.

"ಗೊತ್ತು ಸಾರ್. ಜೋಕೂ ಸರಿಯಿಲ್ಲ."

ಕಂಡಕ್ಟರ ಆಗಲೇ ಏಳುತ್ತಿದ್ದ. ಯಾರೂ ಕೈ ಕೊಡಲಿಲ್ಲ. ದಿಂಬು ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ. ಎಡಗೈಯಿಂದ ಕಂಬ ಹಿಡಿದು ನೆಟ್ಟಗೆ ನಿಂತ. ಬಲಗಾಲು ನಡುಗುತ್ತಿತ್ತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಬೇರೆ ಕೈಯಿರಲಿಲ್ಲ, ಹಾಗೇ ಬಿಟ್ಟ.

"ನೀನು ಒಂದು ಮಾತಿಗೆ ಅಷ್ಟು ಒದ್ದಾಡೋದು ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ ಕಣೋ," ಎಂದ ಡ್ರೈವರು, ನೆಲ ನೋಡುತ್ತಾ. "ಅದಕ್ಕೇ ನಕ್ಕುಬಿಡ್ತಿದ್ದೆ. ಬೇಗ ಮುಗೀಲಿ ಅಂತ."

ಸಾಹೇಬರು ಪೆನ್ನು ಹಿಡಿದು ಅತ್ತ ಇತ್ತ ನೋಡಿದರು. "ಈಗ ನಾನೇನು ಬರೀಲಿ? ಅವರು ಜೋಕೇನೋ ಹೇಳಿದರು. ಆದರೆ ಯಾರೂ ನಗಲಿಲ್ಲವಲ್ಲ. ಗುರಿ ಮುಟ್ಟಿದ ಹಾಗೋ, ಇಲ್ಲವೋ?"

"ನಿಜವಾಗಿ ಯಾರೂ ನಗಲಿಲ್ಲ," ಎಂದಳು ಟೀಚರು ಗಂಭೀರವಾಗಿ. "ಮುಟ್ಟಿಲ್ಲ ಅಂತಲೇ ಬರೀಬೇಕು. ಪಾಠ ಇನ್ನೂ ಬೇಕು." ಅದಕ್ಕೆ ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಅದು ಒಬ್ಬರಿಂದೊಬ್ಬರಿಗೆ ಹಬ್ಬಿತು, ಕಂಬ ಹಿಡಿದು ನಿಂತವನೂ ನಕ್ಕ. ಟೀಚರು ಮಾತ್ರ ಇದರಲ್ಲಿ ನಗುವಂಥದ್ದೇನಿದೆ ಎಂದು ಒಬ್ಬೊಬ್ಬರ ಮುಖ ನೋಡಿದಳು. ಸಾಹೇಬರು ಪಾಠ ಮುಂದುವರಿಯಲಿ ಎಂದು ಬರೆದು ಎದ್ದರು.

ಕಂಡಕ್ಟರ ಮನೆಗೆ ಬಂದಾಗ ಹೆಂಡತಿ ಯಾರದೋ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. "ಏನಾಯ್ತು ರೀ? ಪಾಠ ಇದೆಯಂತಾ? ಇದೆ ಅಲ್ವಾ, ಮುಖ ನೋಡಿದರೇ ಗೊತ್ತಾಗುತ್ತೆ. ಕಾಲು ನೋಯ್ತಿದೆಯಾ? ಕೂತ್ಕೊಳ್ಳಿ, ಬಿಸಿನೀರು..."

ಅವನು ಎಡಗೈ ಎತ್ತಿದ. ತಾಳು ಎಂಬಂತೆ. ಅವಳು ಸುಮ್ಮನಾದಳು. ಅವನ ಮುಖದಲ್ಲಿ ಏನು ಕಂಡಳೋ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ಚು ಆರಿಸಿದಳು.

"ನೀನು..." ಅವನ ಬೆರಳುಗಳು ಮೇಜಿನ ಅಂಚಿನ ಮೇಲೆ ತಾಳ ಹುಡುಕಿದವು. "ನನ್ನ... ಜೊತೆ... ಈಗ..."

ಹೇಳಿಬಿಡಲು ಅವಳ ತುಟಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

"ಜ... ಜಗ... ಜಗಳ... ಆಡಲ್ಲ."

ಅವಳು ಅರ್ಧ ಮಡಿಸಿದ ಸೀರೆಯ ಅಂಚನ್ನು ಕೈಯಲ್ಲೇ ತೀಡುತ್ತಾ ನಿಂತಳು.

"ಆಡ್ತೀನಿ ರೀ," ಎಂದಳು ಕೊನೆಗೆ. "ದಿನಾ ಆಡ್ತೀನಿ, ಮನಸ್ಸಿನಲ್ಲೇ. ನನ್ನ ಮಾತೂ ನಾನೇ ಆಡಬೇಕು, ನಿಮ್ಮ ಮಾತೂ ನಾನೇ ಆಡಬೇಕು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಲ್ಲೂ ನೀವೇ ಗೆಲ್ತೀರಿ."